ಸುಟ್ಟ ಬಲ್ಬುಗಳಿಂದ ಕಾರಿನ ರೂಫ್ ಲೈಟ್: ನನ್ನ ಅನುಭವ

ಮೂರು ಮಳೆಗಾಲ ದಾಟಲಿ, ಆಮೇಲೆ ಬರೆಯೋಣ ಅಂತ ಕಾದಿದ್ದೆ. ಈ ಸಲದ ಮಳೆಯೂ ಮುಗಿಯಿತು. ನನ್ನ ಹಳೇ ವ್ಯಾಗನ್ ಆರ್ ಕಾರಿನ ರೂಫ್ ಲೈಟಿನ, ಅಂದರೆ ಒಳಗೆ ತಲೆ ಮೇಲಿನ ದೀಪದ, ಐದು ಎಲ್‌ಇಡಿಗಳಲ್ಲಿ ಒಂದೂ ಹೋಗಿಲ್ಲ, ಮಂಕೂ ಆಗಿಲ್ಲ. ಮಲೆನಾಡಿನ ಸಾಗರ ಪೇಟೆಯ ಮಳೆ ಕಂಡವರಿಗೆ ಇದು ಎಷ್ಟು ದೊಡ್ಡ ಪರೀಕ್ಷೆ ಅಂತ ಗೊತ್ತು. ಹಾಕಿದ್ದೆಲ್ಲ ಜನ ಗುಜರಿಗೆ ಎಸೆಯುವ 9 ವ್ಯಾಟಿನ ಎಲ್‌ಇಡಿ ಮನೆ ಬಲ್ಬಿನಿಂದ ಕಿತ್ತ ಚಿಪ್ಪುಗಳು, ಅಂದರೆ ಬೆಳಕು ಕೊಡುವ ಪುಟ್ಟ ಹಳದಿ ತುಂಡುಗಳು. ಕಾರಿನ ವೈರಿಂಗ್ ಮಾಡುವವರೊಬ್ಬರು ಮೊದಲ ದಿನವೇ, "ಇದೆಲ್ಲ ಆಟದ ಸಾಮಾನು ಮಾರಾಯ್ರೇ, ಒಂದು ಮಳೆಗಾಲ ತಡೆಯೂದಿಲ್ಲ" ಅಂದಿದ್ದರು. ಭಾವನಂತೂ ಬ್ಯಾಟರಿ ಹೋಗ್ತದೆ ಅಂತ ವರ್ಷವಿಡೀ ಹೇಳುತ್ತಲೇ ಇದ್ದ.

ನಾನು ಯುಪಿಎಸ್, ಟಿವಿ ರಿಪೇರಿಯವನು. ರಾತ್ರಿ ಯಾರದೋ ಮನೆ ಅಂಗಳದಲ್ಲಿ ನಿಂತು ಹಿಂದಿನ ಸೀಟಿನ ಚೀಲದಲ್ಲಿ ಸ್ಕ್ರೂ ಹುಡುಕಲು ಕಾರಿನಲ್ಲಿ ಮೊದಲಿದ್ದ 10 ವ್ಯಾಟಿನ ಹಳದಿ ಬಲ್ಬ್ ಸಾಲುತ್ತಿರಲಿಲ್ಲ. ಅದೂ ಅಲ್ಲದೆ ಒಮ್ಮೆ ಹಿಂದಿನ ಬಾಗಿಲು ಸರಿಯಾಗಿ ಹಾಕಿಕೊಳ್ಳದೆ ಎರಡು ರಾತ್ರಿ ಬಲ್ಬ್ ಉರಿದು ಬ್ಯಾಟರಿ ಪೂರ್ತಿ ಕೂತುಬಿಟ್ಟಿತ್ತು.

ಮೊದಲು ಮಾಡಿದ್ದು ಎಲ್ಲರೂ ಮಾಡುವುದೇ. 5 ಎಂಎಂ ಬಿಳಿ ಎಲ್‌ಇಡಿ, ಮೂರು ಮೂರು ಸೀರೀಸ್ (ಒಂದರ ಹಿಂದೆ ಒಂದು), ಒಂದೊಂದು ಸಾಲಿಗೆ ಕರೆಂಟ್ ತಡೆಯಲು 120 ಓಮ್ ರೆಸಿಸ್ಟರ್. ಲೆಕ್ಕ ಹಾಕಿದ್ದು 12 ವೋಲ್ಟಿಗೆ. ಎಂಜಿನ್ ಓಡುವಾಗ ಬ್ಯಾಟರಿ ಮೇಲೆ 14.2, 14.4 ಇರುತ್ತದೆ ಎನ್ನುವುದು ಗೊತ್ತಿದ್ದೂ ಕೈ ತಪ್ಪಿತು. 20 ಮಿಲಿಆಂಪ್ ಹೋಗಬೇಕಾದಲ್ಲಿ ಸುಮಾರು 40 ಹೋಯಿತು. ಎರಡೇ ತಿಂಗಳಲ್ಲಿ ಬೆಳಕು ನೀಲಿಗೆ ತಿರುಗಿ ಅರ್ಧಕ್ಕೆ ಇಳಿಯಿತು. ಉಳಿದ ಸಾಲುಗಳನ್ನು ಗೇರುಸೊಪ್ಪೆ ಘಾಟಿಯ ಕುಲುಕಾಟ ಮುಗಿಸಿತು. ಉದ್ದ ಕಾಲಿನ ಎಲ್‌ಇಡಿ ಅಲ್ಲಾಡಿ ಅಲ್ಲಾಡಿ ಬೆಸುಗೆ ಬಿಟ್ಟಿತ್ತು. 350 ರೂಪಾಯಿ ಹೋಯಿತು.

ಆಮೇಲೆ ಬೆಂಗಳೂರಿನ ಎಸ್‌ಪಿ ರೋಡಿನಿಂದ 5 ಮೀಟರ್ ಎಲ್‌ಇಡಿ ಸ್ಟ್ರಿಪ್ ತಂದೆ, ನೆನಪಿರುವಂತೆ ನಾನೂರೈವತ್ತೋ ಐನೂರೋ. ಅದಕ್ಕೂ ಅದೇ ಕಾಯಿಲೆ, 12 ವೋಲ್ಟಿಗೆ ಮಾಡಿದ್ದಕ್ಕೆ 14 ಕೊಟ್ಟಂತೆ. ಜೊತೆಗೆ ಏಪ್ರಿಲ್ ಬಿಸಿಲಲ್ಲಿ ಹೊನ್ನಾವರದಲ್ಲಿ ನಿಲ್ಲಿಸಿದ್ದಾಗ ಅಂಟು ಕರಗಿ ಸ್ಟ್ರಿಪ್ ಪೂರಾ ಸೀಟಿನ ಮೇಲೆ ಬಿದ್ದಿತ್ತು. ಎಲ್‌ಎಂ317 ಎನ್ನುವ ಐಸಿ ಹಾಕಿ ಕರೆಂಟ್ ಕಟ್ಟಿಹಾಕಲೂ ನೋಡಿದೆ. ಆ ಐಸಿಗೇ ಹತ್ತಿರ ಹತ್ತಿರ 3 ವೋಲ್ಟ್ ಬೇಕು. ಎಂಜಿನ್ ಆಫ್ ಮಾಡಿ ವೋಲ್ಟ್ ಇಳಿದ ಕೂಡಲೇ, ಅಂದರೆ ಬೆಳಕು ಬೇಕಾದ ಹೊತ್ತಿಗೇ, ಮಂಕು. ರೂಫ್ ಲೈಟಿಗೆ ರೆಸಿಸ್ಟರೇ ಸಾಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಐಸಿ ಹಾಕಲೇಬೇಕು ಅನ್ನುವವರು ಒಮ್ಮೆ ಎಂಜಿನ್ ಆಫ್ ಮಾಡಿ ಅಳೆದು ನೋಡಲಿ.

ದಾರಿ ಕಂಡದ್ದು ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಸುಟ್ಟ ಬಲ್ಬಿನ ರಾಶಿಯಲ್ಲಿ. ಮನೆ ಬಲ್ಬಿನಲ್ಲಿ ಸಾಮಾನ್ಯವಾಗಿ ಹೋಗುವುದು ಒಂದೇ ಚಿಪ್ಪು. ಅದರ ಮೇಲೆ ಕಪ್ಪು ಚುಕ್ಕೆ ಕಾಣುತ್ತದೆ. ಸೀರೀಸ್ ಆದ್ದರಿಂದ ಬಲ್ಬೇ ಸತ್ತಂತೆ. ಉಳಿದವು ಗಟ್ಟಿಮುಟ್ಟು. ಇವು ಎಲ್ಲಾ ಬಲ್ಬಿನಲ್ಲೂ ಒಂದೇ ಅಲ್ಲ. ಕೆಲವು 3 ವೋಲ್ಟ್, ಕೆಲವು 6, 9, 18. ನಮಗೆ ಬೇಕಾದದ್ದು 9 ವೋಲ್ಟಿನದು. ಅದರೊಳಗೇ ಮೂರು ಎಲ್‌ಇಡಿ ಸೀರೀಸ್ ಇರುವುದರಿಂದ ಕಾರಿನ ಬ್ಯಾಟರಿಗೆ ಹೇಳಿ ಮಾಡಿಸಿದ ಜೋಡಿ. ಮಲ್ಟಿಮೀಟರಿನ ಡಯೋಡ್ ರೇಂಜಿನಲ್ಲಿ ಇದು ಹೊತ್ತುವುದಿಲ್ಲ, ಕೆಟ್ಟಿದೆ ಅಂತ ಎಸೆಯಬೇಡಿ. 12 ವೋಲ್ಟಿಗೆ 1ಕೆ (ಸಾವಿರ ಓಮ್) ರೆಸಿಸ್ಟರ್ ಸೇರಿಸಿ ಹಚ್ಚಿ ಚಿಪ್ಪಿನ ಮೇಲೆ ಎಷ್ಟಿದೆ ನೋಡಿದರೆ ಎಂಟು ಎಂಟೂವರೆ ತೋರಿಸುತ್ತದೆ.

ಕೀಳಲು ಹಳೇ ಇಸ್ತ್ರಿಪೆಟ್ಟಿಗೆಯನ್ನು ಅಂಗಾತ ಇಟ್ಟು, ಬಿಸಿ ಪೂರ್ತಿ ಏರಿಸಿ, ಮೇಲೆ ಬಲ್ಬಿನ ಚಿಪ್ಪುಗಳಿರುವ ಅಲ್ಯೂಮಿನಿಯಂ ಬೋರ್ಡ್ ಇಟ್ಟೆ. ಬೆಸುಗೆ ಹೊಳೆಯುತ್ತಿದ್ದ ಹಾಗೆ ಚಿಮಟದಿಂದ ಸರಿಸುವುದು. ಮೊದಲ ಸಲ ಇಪ್ಪತ್ತಕ್ಕೂ ಹೆಚ್ಚು ಚಿಪ್ಪು ಹಾಳಾದವು. ಬಿಸಿಯಲ್ಲಿ ಹಳದಿ ಭಾಗ ಮೆತ್ತಗಿರುತ್ತದೆ, ಅದನ್ನು ಒತ್ತಿದರೆ ಒಳಗಿನ ಕೂದಲಿನಂಥ ತಂತಿ ಕಡಿಯುತ್ತದೆ. ಪಕ್ಕದಿಂದ ಮಾತ್ರ ಮುಟ್ಟಬೇಕು. ಈಗ ಹತ್ತು ಬಲ್ಬಿಗೆ ಐವತ್ತು ಅರವತ್ತು ಒಳ್ಳೆಯ ಚಿಪ್ಪು ಸಿಗುತ್ತದೆ.

ತಾಮ್ರದ ಬೋರ್ಡಿನ ಮೇಲೆ ಮಾರ್ಕರ್ ಪೆನ್ನಿನಿಂದ ಬರೆದು ಬೇಡದ ತಾಮ್ರ ಕರಗಿಸುವ ಫೆರಿಕ್ ಕ್ಲೋರೈಡಿನಲ್ಲಿ ಅದ್ದಿದೆ. ತಾಮ್ರವನ್ನು ಆದಷ್ಟು ಅಗಲ ಉಳಿಸಿದೆ, ಬಿಸಿ ಎಳೆಯಲಿ ಅಂತ. ಒಂದೊಂದು ಚಿಪ್ಪಿಗೂ ಪ್ರತ್ಯೇಕ 180 ಓಮ್ ರೆಸಿಸ್ಟರ್, ಅರ್ಧ ವ್ಯಾಟಿನದು. ಎಂಜಿನ್ ಓಡುವಾಗ 30 ಮಿಲಿಆಂಪ್ ಚಿಲ್ಲರೆ, ಆಫ್ ಇದ್ದಾಗ 20ರ ಆಸುಪಾಸು. ಮನೆ ಬಲ್ಬಿನಲ್ಲಿ ಇದರ ಎರಡು ಮೂರು ಪಟ್ಟು ಕುಡಿಯುತ್ತಿದ್ದ ಚಿಪ್ಪಿಗೆ ಇದು ವಿಶ್ರಾಂತಿ. ಹಳೇ ಬಲ್ಬ್ 0.8 ಆಂಪ್ ಎಳೆಯುತ್ತಿತ್ತು, ಇದು ಐದೂ ಸೇರಿ 0.16. ಬೆಳಕು ಹಳೆಯದಕ್ಕಿಂತ ಎಷ್ಟೋ ಹೆಚ್ಚು. ನೆಲಕ್ಕೆ ಬಿದ್ದ ಸ್ಕ್ರೂ ಕಣ್ಣಿಗೆ ಬೀಳುತ್ತದೆ.

ಚುಕ್ಕೆ ಚುಕ್ಕೆ ನೆರಳು ತಪ್ಪಿಸಲು ಬಟರ್ ಪೇಪರ್ ಇಟ್ಟೆ, ಒಂದು ಬೇಸಿಗೆಗೆ ಹಳದಿಯಾಯಿತು. ಮೊಸರಿನ ಡಬ್ಬಿ ಮುಚ್ಚಳ ಬೆಳಕನ್ನೇ ತಿಂದಿತು. ಕೊನೆಗೆ ಅಂಗಡಿಗಳ ನಾಮಫಲಕ ಮಾಡುವವರಲ್ಲಿ ಸಿಕ್ಕ ಹಾಲುಬಿಳಿ ಅಕ್ರಿಲಿಕ್ ತುಂಡು ಸರಿಹೋಯಿತು. ಕಾಲಬಳಿಯ ದೀಪಕ್ಕೆ ಸುಟ್ಟ ಬಲ್ಬಿನ ಬುರುಡೆಯನ್ನೇ ಕತ್ತರಿಸಿ ಹಾಕಿದ್ದೇನೆ.

ಮಳೆ ಬಂದಾಗ ನಿಜವಾದ ಕಿರಿಕಿರಿ ಶುರುವಾಯಿತು. ಬಾಗಿಲು ಹಾಕಿದ್ದರೂ ರಾತ್ರಿಯೆಲ್ಲ ಲೈಟ್ ಮಿಣುಕು ಮಿಣುಕು. ಭಾವ ಬಂದು ನೋಡಿ, "ನಾ ಹೇಳಲಿಲ್ವಾ" ಅಂದ. ಎರಡು ವಾರ ವೈರೆಲ್ಲ ಬಿಚ್ಚಿ ಹುಡುಕಿದೆ. ಕಾರಣ ಬಾಗಿಲಿನ ಸ್ವಿಚ್. ಅದು ಅರ್ಥ್ ಕಡೆಗಿರುವುದು, ಒದ್ದೆಯಾದರೆ ಒಂದೆರಡು ಮಿಲಿಆಂಪ್ ಸೋರುತ್ತದೆ. ಬಲ್ಬಿಗೆ ಅದು ಲೆಕ್ಕಕ್ಕಿಲ್ಲ, ಎಲ್‌ಇಡಿಗೆ ಸಾಕು. ಲೈಟಿಗೆ ಅಡ್ಡಲಾಗಿ ಒಂದು 1ಕೆ ಅರ್ಧ ವ್ಯಾಟ್ ರೆಸಿಸ್ಟರ್ ಹಾಕಿದೆ, ಸೋರಿದ್ದೆಲ್ಲ ಅದರಲ್ಲೇ ಹೋಯಿತು. ಒಂದು ರೂಪಾಯಿಯ ಸಾಮಾನು.

ಬಾಗಿಲು ಹಾಕಿದ ಮೇಲೆ ನಿಧಾನ ಆರುವ ಹಾಗೂ ಮಾಡಿದ್ದೇನೆ. ಸ್ವಿಚ್ಚಿನಂತೆ ಕೆಲಸ ಮಾಡುವ ಐಆರ್‌ಎಫ್9540 ಮಾಸ್‌ಫೆಟ್, ಅದನ್ನು ನಿಯಂತ್ರಿಸುವ ಗೇಟ್ ಕಾಲಿಗೆ 47 ಮೈಕ್ರೋಫ್ಯಾರಡ್ ಕೆಪಾಸಿಟರ್, 220ಕೆ ರೆಸಿಸ್ಟರ್. ಹದಿನೈದು ಸೆಕೆಂಡ್ ಹತ್ತಿರ ಬರುತ್ತದೆ. ಇದೂ ಮೊದಲ ಮಳೆಗೆ ಕೈಕೊಟ್ಟು ಇಡೀ ರಾತ್ರಿ ಪೂರಾ ಉರಿಯಿತು, ಅದೇ ಸ್ವಿಚ್ ಸೋರಿಕೆ. ಒಂದು ಡಯೋಡಿನಿಂದ ಸರಿಮಾಡಿದೆ. ಅದು ಎಲ್ಲಿ ಕೂರುತ್ತದೆ ಅಂತ ಇಲ್ಲಿ ಬರೆಯುವುದಿಲ್ಲ, ಅದರಿಂದ ಅಂಗಡಿಗೆ ನಾಲ್ಕು ಗಿರಾಕಿ ಬರುತ್ತಿದ್ದಾರೆ. ಬೋರ್ಡಿಗೆ ಬಳಿಯುವ ಲೇಪವೂ ಹಾಗೆಯೇ. ಪೇಟೆಯಲ್ಲಿ ಸಿಗುವ ಎರಡು ಸಾಮಾನಿನ ಮಿಶ್ರಣ ಅಷ್ಟೇ.

ಕೊನೆಗೆ ನಿಂತ ಕೆಲಸಕ್ಕೆ ಆದ ಖರ್ಚು 130 ರೂಪಾಯಿ ಇರಬಹುದು. ಅದಕ್ಕೆ ಮುಂಚೆ ಕಳೆದದ್ದು ಒಂದೂಕಾಲು ಸಾವಿರ.

ಹೋದ ವೈಶಾಖದಲ್ಲಿ ಮದುವೆಮನೆಯಲ್ಲಿ ಮಕ್ಕಳು ಹಿಂದಿನ ಬಾಗಿಲು ಅರೆ ತೆರೆದೇ ಬಿಟ್ಟಿದ್ದರು. ಸಂಜೆ ಏಳರಿಂದ ಬೆಳಿಗ್ಗೆ ಏಳರವರೆಗೆ ಲೈಟ್ ಉರಿದಿದೆ. ಭಾವ ಪಕ್ಕದಲ್ಲೇ ನಿಂತಿದ್ದ. ಕೀ ತಿರುಗಿಸಿದೆ, ಒಂದೇ ಸಲಕ್ಕೆ ಸ್ಟಾರ್ಟ್. ಅವ ಏನೂ ಅನ್ನಲಿಲ್ಲ. ಹದಿನೈದು ದಿನ ಬಿಟ್ಟು ತನ್ನ ಆಲ್ಟೋ ತಂದು ಅಂಗಡಿ ಮುಂದೆ ನಿಲ್ಲಿಸಿದ, ಡಿಕ್ಕಿಯಲ್ಲಿ ಒಂದು ಚೀಲ ಸುಟ್ಟ ಬಲ್ಬ್ ಇತ್ತು.