ಊರಿನ ಗುಮ್ಮಟದಿಂದ ಶುರುವಾದ ನಮ್ಮ ತಿರುಗಾಟ

ಕಲಬುರಗಿಯಲ್ಲಿಯೇ ಹುಟ್ಟಿ ಬೆಳೆದಿದ್ದರೂ ನಲವತ್ತು ದಾಟುವವರೆಗೆ ನಾನು ಕೋಟೆಯೊಳಗಿನ ಜಾಮಿ ಮಸೀದಿಯನ್ನು ಒಮ್ಮೆಯೂ ನಿಂತು ನೋಡಿರಲಿಲ್ಲ. ಪ್ರವಾಸವೆಂದರೆ ಬೇಸಿಗೆ ರಜೆಯಲ್ಲಿ ಬಾಡಿಗೆ ಜೀಪು ಮಾಡಿಕೊಂಡು ದೂರ ಹೋಗುವುದು ಎಂದೇ ತಿಳಿದಿದ್ದೆ. ಹಾಗೆಯೇ ಒಂದು ಮೇ ತಿಂಗಳಲ್ಲಿ ಎರಡು ದಿನಕ್ಕೆ ಒಂಬತ್ತು ಊರುಗಳ ಲೆಕ್ಕ ಹಾಕಿ ಹೊರಟೆವು. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಮಗನಿಗೆ ವಾಂತಿ ಶುರುವಾಯಿತು, ಅವ್ವನ ಮೊಣಕಾಲು ಬಾತುಕೊಂಡವು, ಉಳಿದ ಮೂರು ಊರುಗಳನ್ನು ಜೀಪಿನ ಕಿಟಕಿಯಿಂದಲೇ ನೋಡಿ ಮರಳಿದೆವು. ಮನೆಗೆ ಬಂದ ಮೇಲೆ ಏನೇನು ನೋಡಿದೆ ಎಂದು ಮಗಳನ್ನು ಕೇಳಿದರೆ, ಆಕೆಗೆ ನೆನಪಿದ್ದದ್ದು ಒಂದು ಧಾಬಾದ ಮುಂದಿನ ಜೋಕಾಲಿ ಮಾತ್ರ. ಆ ಉತ್ತರ ನನ್ನನ್ನು ಬಹಳ ದಿನ ಕಾಡಿತು.

ಆ ವರ್ಷ ದೀಪಾವಳಿ ಮುಗಿದು ಬಿಸಿಲು ತಗ್ಗಿದ ಮೇಲೆ ಒಂದು ಕ್ರಮ ಹಾಕಿಕೊಂಡೆವು. ರವಿವಾರ ಬೆಳಕು ಹರಿಯುವ ಹೊತ್ತಿಗೆ ಮನೆ ಬಿಡುವುದು, ಊರೊಳಗಿನ ಒಂದೇ ಜಾಗವನ್ನು ನೋಡುವುದು, ಬಿಸಿಲೇರುವ ಮೊದಲು ಮನೆ ಸೇರುವುದು. ನಮ್ಮ ಕಡೆಯ ಬಿಸಿಲಿಗೆ ಇದಕ್ಕಿಂತ ಬೇರೆ ದಾರಿಯಿಲ್ಲ.

ಮೊದಲು ಹೋದದ್ದು ಜಾಮಿ ಮಸೀದಿಗೆ. 1367ರಲ್ಲಿ ಕಟ್ಟಿದ ಈ ಮಸೀದಿಗೆ ತೆರೆದ ಅಂಗಳವಿಲ್ಲ, ಮಿನಾರುಗಳೂ ಇಲ್ಲ. ಇಡೀ ಕಟ್ಟಡಕ್ಕೆ ಮೇಲ್ಛಾವಣಿಯಿದ್ದು, ಅದರ ಮೇಲೆ ಸಾಲುಸಾಲಾಗಿ ಸಣ್ಣ ಗುಮ್ಮಟಗಳು, ಮೂಲೆಗಳಲ್ಲಿ ನಾಲ್ಕು, ಪಶ್ಚಿಮದ ಕಡೆಗೆ ದೊಡ್ಡದೊಂದು. ಅಂಚಿನ ಮೊಗಸಾಲೆಯ ಕಮಾನುಗಳು ಬಹಳ ಅಗಲವಾಗಿವೆ, ಆದರೆ ಅವು ನೆಲಕ್ಕೆ ತೀರ ಹತ್ತಿರದಿಂದಲೇ ಬಾಗಲು ತೊಡಗುತ್ತವೆ. ಮಗ ಒಂದು ಕಂಬಕ್ಕೆ ಬೆನ್ನು ಹಚ್ಚಿ ನಿಂತು, ಕಮಾನು ತನ್ನ ಭುಜದ ಮಟ್ಟದಿಂದಲೇ ಮೇಲೇಳುತ್ತದೆ ಎಂದು ಕೈಯಿಂದ ಅಳೆದು ತೋರಿಸಿದ. ಅಷ್ಟು ವರ್ಷ ಅದೇ ಊರಲ್ಲಿದ್ದ ನನಗೆ ಅದನ್ನು ತೋರಿಸಿಕೊಟ್ಟವನು ಹತ್ತು ವರ್ಷದ ಹುಡುಗ. ಅವ್ವ ಒಂದು ಕಡೆ ತಂಪಿನಲ್ಲಿ ಕುಳಿತಿದ್ದಳು, ಏಳಲು ಅವಳಿಗೇ ಮನಸ್ಸಿರಲಿಲ್ಲ. ಮುಂದಿನ ರವಿವಾರಗಳಲ್ಲಿ ಹಫ್ತ್ ಗುಂಬಜ್ ಎಂಬ ಸುಲ್ತಾನರ ಗೋರಿಗಳು, ಬುದ್ಧವಿಹಾರ, ಶರಣಬಸವೇಶ್ವರ ಗುಡಿ ಮತ್ತು ಅಪ್ಪನ ಕೆರೆಯ ದಂಡೆ, ಹೀಗೆ ಒಂದೊಂದಾಗಿ ನೋಡಿದೆವು.

ಊರ ಹೊರಗೆ ಮೊದಲು ಹೋದದ್ದು ಚಿತ್ತಾಪುರ ತಾಲೂಕಿನ ಸನ್ನತಿಗೆ. ಭೀಮಾ ನದಿಯ ದಂಡೆಯ ಚಂದ್ರಲಾಂಬಾ ಗುಡಿಯಲ್ಲಿ ಅವ್ವನಿಗೆ ದೇವಿಯ ದರ್ಶನ, ಅಲ್ಲಿಂದ ಹತ್ತಿರದ ಕನಗನಹಳ್ಳಿಯ ಬೌದ್ಧ ಸ್ತೂಪ, ಅಷ್ಟೇ ನಮ್ಮ ಯೋಜನೆ. ಗುಡಿಯ ಆವರಣದಲ್ಲಿದ್ದ ಕಾಳಿ ಗುಡಿಯ ಮಾಡು 1986ರಲ್ಲಿ ಕುಸಿದಾಗ, ದೇವಿಯ ಮೂರ್ತಿಗೆ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂದು ಬೆಳಕಿಗೆ ಬಂತು. ಕನಗನಹಳ್ಳಿಯಲ್ಲಿ ಅಶೋಕನದೇ ಉಬ್ಬುಚಿತ್ರ ಸಿಕ್ಕಿದೆ: ರಾಜ, ರಾಣಿ, ಛತ್ರ ಚಾಮರ ಹಿಡಿದ ಪರಿಚಾರಕಿಯರು, ಜೊತೆಗೆ ಬ್ರಾಹ್ಮಿ ಲಿಪಿಯಲ್ಲಿ "ರಾಯೋ ಅಸೋಕೋ" ಎಂಬ ಹೆಸರು. "ಇಷ್ಟ್ ದೂರ ಬಂದು ಒಂದ್ ಕಲ್ಲ್ ನೋಡೂದೇನೋ ತಮ್ಮಾ?" ಎಂದು ಅವ್ವ ಕೇಳಿದ್ದು ನಿಜ. ಆದರೆ ಮಗಳು ಮನೆಯಿಂದಲೇ ಬ್ರಾಹ್ಮಿ ಅಕ್ಷರಗಳನ್ನು ಹಾಳೆಯ ಮೇಲೆ ಬರೆದುಕೊಂಡು ಬಂದಿದ್ದಳು. ಕಲ್ಲನ್ನು ಮುಟ್ಟದೆ, ಹಾಳೆಗೂ ಕಲ್ಲಿಗೂ ಕಣ್ಣು ಹಾಯಿಸುತ್ತ ಒಂದೊಂದೇ ಅಕ್ಷರ ಕೂಡಿಸಿ ಆಕೆ ಆ ಹೆಸರನ್ನು ಓದಿದಾಗ ಅವ್ವನೂ ಬಾಗಿ ನೋಡಿದಳು.

ಬುತ್ತಿಯ ವಿಷಯ ಹೇಳಲೇಬೇಕು. ನಮ್ಮ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ, ಗಟ್ಟಿ ಮೊಸರು ಇದ್ದರೆ ಹೊಟ್ಟೆಯ ಚಿಂತೆಯೇ ಇಲ್ಲ. ರೊಟ್ಟಿಯನ್ನು ಒಣ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಬೇಕು. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಮೆತ್ತಗಾಗುತ್ತದೆ.

ಬೀದರಿಗೆ ನಾವು ರೈಲಿನಲ್ಲೇ ಹೋಗುತ್ತೇವೆ. 2017ರಲ್ಲಿ ಈ ಮಾರ್ಗ ಆರಂಭವಾದದ್ದು ನಮ್ಮಂಥ ಕುಟುಂಬಗಳಿಗೆ ದೊಡ್ಡ ಉಪಕಾರ, ಏಕೆಂದರೆ ಅವ್ವ ಕಾಲು ಚಾಚಿ ಕೂರಬಹುದು. ಬೀದರಿನ ಹತ್ತಿರದ ಅಷ್ಟೂರಿನಲ್ಲಿ ನಾವು ಪೂರ್ತಿ ಒಂದು ಮುಂಜಾನೆ ಕಳೆದದ್ದು ಅಹ್ಮದ್ ಷಾನ ಗೋರಿಯಲ್ಲಿ. ರಾಜಧಾನಿಯನ್ನು ನಮ್ಮ ಕಲಬುರಗಿಯಿಂದ ಬೀದರಿಗೆ ಒಯ್ದ ಬಹಮನಿ ಸುಲ್ತಾನನೀತ. ಒಳಗೆ ಕತ್ತಲು; ಮೇಲೆ ಬಣ್ಣವಿದೆ ಎಂಬುದೂ ಮೊದಲು ತಿಳಿಯುವುದಿಲ್ಲ. ಅಲ್ಲಿದ್ದ ಹಿರಿಯರೊಬ್ಬರು ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ಹಾಯಿಸಿದರು. ಅಂಗೈಯಗಲದ ಬೆಳಕು ಗೋಡೆಯ ಮೇಲೆ ನಡುಗುತ್ತ ಹತ್ತಿದಂತೆ ಕೆಂಪು, ನೀಲಿ, ಬಂಗಾರದ ಬಣ್ಣದ ಬಳ್ಳಿಗಳೂ ಅಕ್ಷರಗಳೂ ಒಂದೊಂದಾಗಿ ಕಣ್ಣಿಗೆ ಬಿದ್ದವು. ಬೆಳಕು ಸರಿದಲ್ಲೆಲ್ಲ ನಾಲ್ವರೂ ಕತ್ತೆತ್ತಿ ತಿರುಗಿದೆವು. ಒಂಬತ್ತು ಊರುಗಳ ಲೆಕ್ಕವಿದ್ದಿದ್ದರೆ ಆ ಹಿರಿಯರು ಕನ್ನಡಿ ತರುವಷ್ಟರಲ್ಲಿ ನಾವು ಜೀಪು ಹತ್ತಿಬಿಡುತ್ತಿದ್ದೆವು. ಮಧ್ಯಾಹ್ನ ವಿಶ್ರಾಂತಿ ಪಡೆದು, ಸಂಜೆ ಬಹಮನಿ ಮಂತ್ರಿ ಮಹಮೂದ್ ಗವಾನನ 1472ರ ಮದರಸಾದ ಉಳಿದಿರುವ ಒಂದೇ ಮಿನಾರಿನ ಹೆಂಚಿನ ಬಣ್ಣ ನೋಡಿದೆವು. ಕೋಟೆಯನ್ನು ಬೇಕೆಂದೇ ಮುಂದಿನ ಸಲಕ್ಕೆ ಬಿಟ್ಟೆವು.

ಎರಡು ರಾತ್ರಿ ಹೊರಗೆ ತಂಗುವ ಧೈರ್ಯ ಬಂದದ್ದು ಇದೆಲ್ಲ ಆದ ಮೇಲೆಯೇ. ಜೇವರ್ಗಿ, ಸಿಂದಗಿ ದಾರಿಯಿಂದ ವಿಜಯಪುರಕ್ಕೆ ಹೋದೆವು. ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಗೆ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಬೇಕು. ಜನ ಸೇರಿ ಕೂಗಾಟ ಶುರುವಾದರೆ ಪಿಸುಮಾತು ಕೇಳುವುದಿಲ್ಲ. ಅವ್ವ ಮೆಟ್ಟಿಲು ಹತ್ತಲಾರೆನೆಂದು ಕೆಳಗೆ ಕುಳಿತಳು. ಮಗ ಮಾತ್ರ ಮೇಲೇರುವ ಮೊದಲು ಒಳಗೆ ನಿಂತು, ಚೌಕ ಗೋಡೆಗಳ ಮೇಲೆ ದುಂಡನೆಯ ಗುಮ್ಮಟ ಕೂರುವಂತೆ ಒಂದರೊಳಗೊಂದು ಹಾಯ್ದ ಕಮಾನುಗಳನ್ನು ಬೆರಳಿನಿಂದ ಎಣಿಸತೊಡಗಿದ. "ಅಪ್ಪಾ, ನಮ್ ಮಸೀದಿ ಕಮಾನ್ ಕೆಳಗಿಂದ ಏಳ್ತಾವ, ಇವು ನೋಡ್ರಿ ಎಷ್ಟ್ ಮ್ಯಾಲಿಂದ ಏಳ್ತಾವ" ಎಂದು ಅವನು ಹೇಳುವಾಗ ಮಗಳು ಆಗಲೇ ಮೆಟ್ಟಿಲ ಬಾಗಿಲಲ್ಲಿ ನಿಂತು ನಮ್ಮನ್ನು ಕರೆಯುತ್ತಿದ್ದಳು.