ಬಡಿಯದೆ ಮುಚ್ಚಲಿ ಕಾರಿನ ಬಾಗಿಲು

ಕಾರಿನ ಬಾಗಿಲನ್ನು ಮೆಲ್ಲಗೆ ತಳ್ಳಿದರೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಆರುವುದಿಲ್ಲ. ಕೊನೆಗೆ ಧಡ್ ಎಂದು ಬಡಿದರಷ್ಟೇ ಕೂರುತ್ತದೆ. ಕೆಲವು ವರ್ಷ ಓಡಿದ ಕಾರುಗಳಲ್ಲಿ, ಅದರಲ್ಲೂ ದಿನಕ್ಕೆ ಹತ್ತಾರು ಸಲ ತೆರೆಯುವ ಡ್ರೈವರ್ ಬದಿಯ ಬಾಗಿಲಿನಲ್ಲಿ ಇದು ಸಾಮಾನ್ಯ ತೊಂದರೆ. ಬಡಿಯುತ್ತಲೇ ಇದ್ದರೆ ಲಾಕ್ ಮತ್ತಷ್ಟು ಸವೆಯುತ್ತದೆ, ಗಾಜು ಹಿಡಿದಿರುವ ಚಾನೆಲ್ ಸಡಿಲಗೊಂಡು ಬಾಗಿಲು ಗಡಗಡ ಎನ್ನತೊಡಗುತ್ತದೆ. ಅಪಘಾತದಲ್ಲಿ ಜಜ್ಜಿಹೋಗದ ಬಾಗಿಲಾದರೆ ಇದನ್ನು ಮನೆಯಂಗಳದಲ್ಲೇ ನೀವೇ ಸರಿಪಡಿಸಬಹುದು. ಹೆಚ್ಚಿನ ಸಲ ಖರ್ಚಾಗುವುದು ಒಂದು ಡಬ್ಬಿ ಗ್ರೀಸಿನ ದುಡ್ಡು ಮಾತ್ರ. ಆದರೆ ಕಾರಣ ತಿಳಿಯುವ ಮೊದಲೇ ಸ್ಕ್ರೂ ಸಡಿಲಿಸಲು ಹೋಗಬೇಡಿ. ಕೆಲಸ ಕೆಡುವುದು ಅಲ್ಲೇ.

ಬಾಗಿಲಿನ ಹಿಂಬದಿಯ ಅಂಚಿನಲ್ಲಿ ಬಾಯಿ ತೆರೆದ ಲಾಕ್ ಇದೆ. ಅದರೊಳಗೆ ತಿರುಗುವ ಉಕ್ಕಿನ ಕೊಕ್ಕೆ. ಎದುರಿಗೆ ಕಾರಿನ ಪಿಲ್ಲರ್, ಅಂದರೆ ಬಾಗಿಲಿನ ಹಿಂದಿನ ಕಂಬದ ಮೇಲೆ ಎರಡು ಸ್ಕ್ರೂಗಳಲ್ಲಿ ಕೂತಿರುವ ಬಳೆಯಂಥ ಕಬ್ಬಿಣವೇ ಸ್ಟ್ರೈಕರ್. ಬಾಗಿಲು ಮುಚ್ಚಿದಾಗ ಕೊಕ್ಕೆ ಸ್ಟ್ರೈಕರನ್ನು ಹಿಡಿದು ಎರಡು ಹಂತದಲ್ಲಿ ತಿರುಗುತ್ತದೆ. ಮೊದಲ 'ಟಕ್' ಆದರೆ ಬಾಗಿಲು ತಾನಾಗಿ ತೆರೆದುಕೊಳ್ಳದು, ಅಷ್ಟೇ. ಪೂರ್ತಿ ಮುಚ್ಚುವುದು ಎರಡನೆಯ 'ಟಕ್'ಗೆ. ಅರ್ಧಕ್ಕೆ ನಿಂತ ಬಾಗಿಲು ಎಂದರೆ ಈ ಎರಡನೆಯದು ಆಗಿಲ್ಲ ಎಂದರ್ಥ.

ಮೊದಲು ಪರೀಕ್ಷೆ

ಯಾವುದಾದರೂ ಒಂದು ಕಿಟಕಿಯ ಗಾಜು ಇಳಿಸಿ ಬಾಗಿಲು ಮುಚ್ಚಿ ನೋಡಿ. ಈಗ ಸಲೀಸಾಗಿ ಮುಚ್ಚಿದರೆ ಲಾಕ್ ಚೆನ್ನಾಗಿದೆ, ಒಳಗಿನ ಗಾಳಿಗೆ ಹೊರಹೋಗಲು ದಾರಿಯಿರಲಿಲ್ಲ ಅಷ್ಟೇ. ಹೊಸ ಕಾರಿನಲ್ಲಿ, ಅಥವಾ ಬಾಗಿಲಿನ ಸುತ್ತ ಹೊಸ ರಬ್ಬರ್ ಪಟ್ಟಿ (ಬೀಡಿಂಗ್) ಹಾಕಿಸಿದಾಗ ಹೀಗಾಗುತ್ತದೆ. ರಬ್ಬರ್ ಒತ್ತಿಕೊಂಡು ಹದಕ್ಕೆ ಬಂದಂತೆ ತಾನಾಗಿ ಸರಿಹೋಗುತ್ತದೆ, ಏನನ್ನೂ ಬಿಚ್ಚಬೇಡಿ.

ಮುಂದೆ ಬಾಗಿಲನ್ನು ಅರ್ಧ ತೆರೆದು, ಹಿಂಬದಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆತ್ತಿ. ಬಾಗಿಲು ಕುಲುಕಿದರೆ ಇನ್ನೊಬ್ಬರಿಗೆ ಬಾಗಿಲು ತಿರುಗುವ ಕೀಲಿನ (ಹಿಂಜ್) ಕಡೆ ಕಣ್ಣಿಡಲು ಹೇಳಿ. ಈ ಸಡಿಲಾಟ ಹಿಂಜಿನ ಪಿನ್ನಿನಲ್ಲೋ ಬೋಲ್ಟಿನಲ್ಲೋ ಎಂಬುದು ಕಾಣುತ್ತದೆ. ಬಳಿಕ ಬಾಗಿಲನ್ನು ನಿಧಾನವಾಗಿ ಮುಚ್ಚುತ್ತಾ ಅದೇ ಅಂಚನ್ನು ಗಮನಿಸಿ. ಕೊನೆಯ ಗಳಿಗೆಯಲ್ಲಿ ಅದು ಮೇಲಕ್ಕೆದ್ದರೆ ಬಾಗಿಲು ಜೋತಿದೆ ಎಂದೇ ಲೆಕ್ಕ: ಲಾಕಿನ ಬಾಯಿ ಸ್ಟ್ರೈಕರಿಗಿಂತ ಕೆಳಗಿದ್ದು, ಅದರ ಮೇಲೆ ಹತ್ತಿ ಕೂರುತ್ತಿದೆ.

ಮೂರನೆಯದು ಲಾಕಿನದೇ ಪರೀಕ್ಷೆ. ಬಾಗಿಲು ತೆರೆದಿರುವಾಗಲೇ ಸ್ಕ್ರೂಡ್ರೈವರಿನಿಂದ ಕೊಕ್ಕೆಯನ್ನು ಒಳಕ್ಕೆ ತಳ್ಳಿ. ಎರಡು ಸಲ ಸ್ಪಷ್ಟವಾಗಿ 'ಟಕ್' ಕೇಳಬೇಕು, ಹೊರಗಿನ ಹ್ಯಾಂಡಲ್ ಎಳೆದ ಕೂಡಲೇ ಕೊಕ್ಕೆ ಚಿಮ್ಮಿ ಹಿಂದಕ್ಕೆ ಬರಬೇಕು. ಮಂದವಾಗಿ ತಿರುಗಿದರೆ ಒಳಗೆ ಧೂಳು ಮತ್ತು ಒಣಗಿದ ಹಳೇ ಗ್ರೀಸ್ ಗಟ್ಟಿಕಟ್ಟಿದೆ. ಪರೀಕ್ಷೆ ಮುಗಿದ ಮೇಲೆ ಹ್ಯಾಂಡಲ್ ಎಳೆದು ಕೊಕ್ಕೆ ಬಿಡಿಸುವುದನ್ನು ಮರೆಯಲೇಬಾರದು. ಕೊಕ್ಕೆ ಮುಚ್ಚಿರುವಾಗ ಬಾಗಿಲು ತಳ್ಳಿದರೆ ಸ್ಟ್ರೈಕರಿಗೆ ಗುದ್ದಿ ಎರಡೂ ಹಾಳಾಗುತ್ತವೆ.

ಶುಚಿ ಮಾಡಿ, ಗ್ರೀಸ್ ಹಾಕಿ

ಲಾಕ್ ಮಂದವಾಗಿದ್ದರೂ ಇಲ್ಲದಿದ್ದರೂ ಇದನ್ನು ಮಾಡಿ. ಬೇಕಾಗುವುದು ಡಬ್ಲ್ಯೂಡಿ-40 ಥರದ ಸ್ಪ್ರೇ, ಹಳೆಯ ಟೂತ್‌ಬ್ರಷ್, ಹತ್ತಿಬಟ್ಟೆ, ಒಂದು ಚಿಕ್ಕ ಡಬ್ಬಿ ಬಿಳಿ ಲಿಥಿಯಂ ಗ್ರೀಸ್. ಬೆಂಗಳೂರಿನ ಜೆ.ಸಿ. ರೋಡಿನಂಥ ಬಿಡಿಭಾಗದ ಪೇಟೆಯಲ್ಲಿ ಇಷ್ಟೂ ಸಿಗುತ್ತದೆ. ಬಿಳಿ ಗ್ರೀಸ್ ಸಿಗದ ಊರಿನಲ್ಲಿ ಬೇರಿಂಗಿಗೆ ಹಾಕುವ ಎಂ.ಪಿ. (ಮಲ್ಟಿಪರ್ಪಸ್) ಗ್ರೀಸ್ ಸಾಕು.

ಲಾಕಿನ ಬಾಯಿಗೆ ಸ್ಪ್ರೇ ಹೊಡೆದು ಹತ್ತು ನಿಮಿಷ ಬಿಡಿ. ಕೆಳಗೆ ಬಟ್ಟೆ ಹಿಡಿದುಕೊಂಡು ಬ್ರಷ್ಷಿನಿಂದ ಉಜ್ಜಿ, ಕೊಕ್ಕೆಯನ್ನು ಹತ್ತಿಪ್ಪತ್ತು ಸಲ ಮುಚ್ಚಿ ಬಿಡಿಸಿ. ಕಪ್ಪು ರಾಡಿ ಇಳಿಯುವುದು ನಿಂತ ಮೇಲೆ ಒರೆಸಿ ಒಣಗಲು ಬಿಡಿ. ಬಹಳ ಮಂದಿ ಇಷ್ಟಕ್ಕೇ ನಿಲ್ಲಿಸುತ್ತಾರೆ. ಆ ಸ್ಪ್ರೇ ಕೊಳೆ ಬಿಡಿಸುತ್ತದೆಯೇ ಹೊರತು ಬಹುಕಾಲ ಜಿಡ್ಡಾಗಿ ಉಳಿಯುವುದಿಲ್ಲ, ಹಳೇ ಗ್ರೀಸನ್ನೂ ತೊಳೆದುಬಿಟ್ಟಿರುತ್ತದೆ. ಹಾಗಾಗಿ ಕಡಲೆಕಾಳಿನಷ್ಟು ಗ್ರೀಸನ್ನು ಕೊಕ್ಕೆಗೆ ಸವರಿ, ಬೆರಳ ತುದಿಯಲ್ಲಿ ಉಳಿದದ್ದನ್ನು ಸ್ಟ್ರೈಕರಿಗೆ ತೆಳುವಾಗಿ ಹಚ್ಚಿ. ಹೆಚ್ಚು ಹಾಕಿದರೆ ಬಯಲುಸೀಮೆಯ ಧೂಳಿಗೆ ಅದೇ ಅಂಟಾಗುತ್ತದೆ. ಹಿಂಜಿನ ಪಿನ್ನಿಗೂ, ಎರಡು ಹಿಂಜುಗಳ ನಡುವೆ ಬಾಗಿಲನ್ನು ಹಂತಹಂತವಾಗಿ ತಡೆಯುವ ಪಟ್ಟಿಗೂ ಸ್ವಲ್ಪ ಹಚ್ಚಿ. ತೆರೆಯುವಾಗ ಕಿರ್ ಎನ್ನುವ ಸದ್ದು ಸಾಮಾನ್ಯವಾಗಿ ಈ ಪಟ್ಟಿಯದು. ಕೀಲಿ ತೂರಿಸುವ ರಂಧ್ರಕ್ಕೆ ಮಾತ್ರ ಗ್ರೀಸ್ ಬೇಡ, ಗ್ರಾಫೈಟ್ ಪುಡಿ ಊದಿ.

ಸ್ಟ್ರೈಕರ್ ಹೊಂದಿಸುವುದು

ಗ್ರೀಸ್ ಆದಮೇಲೂ ಬಾಗಿಲು ಅರ್ಧಕ್ಕೆ ನಿಲ್ಲುತ್ತಿದ್ದರೆ, ಹಿಂಜಿನಲ್ಲಿ ಆಟವೂ ಇಲ್ಲವಾದರೆ, ಆಗ ಸ್ಟ್ರೈಕರ್ ಮುಟ್ಟಿ. ಸ್ಕ್ರೂ ತಲೆ ನೋಡಿ: ಪ್ಲಸ್ ಗುರುತಿದ್ದರೆ 3ನೇ ನಂಬರಿನ ದಪ್ಪ ಸ್ಟಾರ್ ಸ್ಕ್ರೂಡ್ರೈವರ್ ಬೇಕು, ಆರು ಮೂಲೆಯ ಟಾರ್ಕ್ಸ್ ತಲೆಯಾದರೆ ಸಾಮಾನ್ಯವಾಗಿ ಟಿ-40 ಬಿಟ್ ಹಿಡಿಯುತ್ತದೆ. ಮನೆಯಲ್ಲಿರುವ 2ನೇ ನಂಬರಿನ ಸ್ಟಾರಿನಲ್ಲಿ ತಿರುಗಿಸಲು ಹೋದರೆ ತಲೆ ಸವೆದುಹೋಗುತ್ತದೆ. ಆಮೇಲೆ ಗ್ಯಾರೇಜಿನವರು ಕೊರೆದು ತೆಗೆಯಬೇಕಾದೀತು. ಸ್ಕ್ರೂ ಕದಲದಿದ್ದರೆ ಸ್ಪ್ರೇ ಹೊಡೆದು ಕಾಲು ಗಂಟೆ ಕಾಯಿರಿ, ಬಿಟ್ ಇಟ್ಟು ಸುತ್ತಿಗೆಯಿಂದ ಎರಡೇಟು ಕೊಡಿ, ಮೈಭಾರ ಹಾಕಿ ಒತ್ತಿಕೊಂಡೇ ತಿರುಗಿಸಿ.

ಮೊದಲು ಸ್ಟ್ರೈಕರಿನ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಕೈ ತಪ್ಪಿದರೆ ಮೊದಲಿನ ಜಾಗಕ್ಕೆ ಮರಳಲು ಇದೊಂದೇ ಆಧಾರ. ಸ್ಕ್ರೂಗಳನ್ನು ಮುಕ್ಕಾಲು ಸುತ್ತು ಸಡಿಲಿಸಿದರೆ ಸಾಕು, ಪೂರ್ತಿ ಬಿಚ್ಚಬೇಡಿ. ಕೆಲವು ಕಾರುಗಳಲ್ಲಿ ಹಿಂದಿನಿಂದ ಸ್ಕ್ರೂ ಹಿಡಿದಿರುವ ನಟ್ ಪ್ಲೇಟ್ ಪಿಲ್ಲರಿನೊಳಗೆ ಜಾರಿ ಬೀಳುತ್ತದೆ.

ಎರಡನೆಯ 'ಟಕ್' ಆಗದ ಬಾಗಿಲಿಗೆ ಸ್ಟ್ರೈಕರನ್ನು ಕಾರಿನ ಹೊರಮೈ ಕಡೆಗೆ ಒಂದು ಮಿಲಿಮೀಟರ್ ಸರಿಸಿ. ಸುತ್ತಿಗೆ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಅಷ್ಟು ಸರಿಯುತ್ತದೆ. ಸ್ಕ್ರೂ ಬಿಗಿದು ಮುಚ್ಚಿ ನೋಡಿ, ಬೇಕಿದ್ದರೆ ಇನ್ನೊಂದು ಮಿಲಿಮೀಟರ್. ಎಲ್ಲಿ ನಿಲ್ಲಿಸಬೇಕೆಂದು ಬೆರಳೇ ಹೇಳುತ್ತದೆ: ಮುಚ್ಚಿದ ಮುಂಬಾಗಿಲಿನಿಂದ ಹಿಂಬಾಗಿಲಿನ ಕಡೆಗೆ ಸವರಿದರೆ ಎರಡೂ ಒಂದೇ ಮಟ್ಟದಲ್ಲಿರಬೇಕು. ಮುಂಬಾಗಿಲು ಹೊರಗೆ ಉಬ್ಬಿದ್ದರೆ ಅತಿಯಾಯಿತು. ವೇಗದಲ್ಲಿ ಗಾಳಿ ಸುಯ್ಯೆನ್ನುತ್ತದೆ, ಮಳೆಯಲ್ಲಿ ನೀರು ನುಗ್ಗುತ್ತದೆ. ಬಾಗಿಲು ಹಗುರವಾಗಿ ಮುಚ್ಚುತ್ತಿದ್ದು, ಹಳ್ಳದಿಣ್ಣೆಯಲ್ಲಿ ಗಡಗಡ ಎನ್ನುತ್ತಿದ್ದರೆ ಇದಕ್ಕೆ ತದ್ವಿರುದ್ಧ, ಒಳಕ್ಕೆ ಸರಿಸಬೇಕು.

ಮೇಲೆ-ಕೆಳಗಿನ ಹೊಂದಾಣಿಕೆ ನೋಡಲು ಗ್ರೀಸಿಗೆ ಚಿಟಿಕೆ ಕುಂಕುಮ ಕಲಸಿ ಸ್ಟ್ರೈಕರಿಗೆ ಸವರಿ, ಬಾಗಿಲು ಮುಚ್ಚಿ ತೆರೆಯಿರಿ. ಲಾಕಿನ ಬಾಯಿಯ ಮೇಲ್ತುಟಿಗೋ ಕೆಳತುಟಿಗೋ ಬಣ್ಣ ಹತ್ತಿದ್ದರೆ ಅಲ್ಲಿ ಉಜ್ಜುತ್ತಿದೆ. ನಡುವೆ ಬರುವ ಹಾಗೆ ಸರಿಸಿ, ಆಮೇಲೆ ಆ ಬಣ್ಣ ಒರೆಸಿಬಿಡಿ. ಜೋತ ಬಾಗಿಲನ್ನು ಮಾತ್ರ ಸ್ಟ್ರೈಕರಿನಿಂದ ಸರಿಮಾಡಲು ಹೋಗಬಾರದು. ಸ್ಟ್ರೈಕರನ್ನು ಕೆಳಗಿಳಿಸಿದರೆ ಅವತ್ತು ಬಾಗಿಲು ಮುಚ್ಚುತ್ತದೆ ನಿಜ, ಆದರೆ ಹಿಂಜ್ ಸವೆಯುವುದು ನಿಲ್ಲುವುದಿಲ್ಲ.

ಹಿಂಜ್ ಮತ್ತು ಬೀಡಿಂಗ್

ಆಟ ಬೋಲ್ಟಿನಲ್ಲಿದ್ದರೆ ನೀವೇ ಬಿಗಿಯಬಹುದು. ಬಾಗಿಲಿನ ಅಡಿಗೆ ಬಟ್ಟೆ ಸುತ್ತಿದ ಮರದ ತುಂಡಿಟ್ಟು ಜಾಕಿನಿಂದ ಭಾರ ತುಸು ಎತ್ತಿಕೊಂಡು, ಒಂದೊಂದೇ ಬೋಲ್ಟ್ ಬಿಗಿಯಿರಿ. ಒಬ್ಬರು ಬಾಗಿಲು ಹಿಡಿದಿರಲಿ. ಎಲ್ಲ ಬೋಲ್ಟನ್ನೂ ಒಮ್ಮೆಗೇ ಸಡಿಲಿಸಿದರೆ ಬಾಗಿಲಿನ ಜಾಗವೇ ತಪ್ಪಿಹೋಗುತ್ತದೆ. ಆಟ ಪಿನ್ನಿನಲ್ಲಿದ್ದರೆ ಪಿನ್ ಇಲ್ಲವೇ ಹಿಂಜನ್ನೇ ಬದಲಿಸಬೇಕು. ಅದು ಟಿಂಕರಿಂಗ್ ಅಂಗಡಿಯ ಕೆಲಸ.

ಬೀಡಿಂಗ್ ಹಿಡಿತ ನೋಡಲು ದಿನಪತ್ರಿಕೆಯ ಒಂದು ಪಟ್ಟಿಯನ್ನು ನಡುವೆ ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಬಿಗಿಯಾಗಿ ಬರಬೇಕು, ಸುಲಭವಾಗಿ ಜಾರಿ ಬಂದರೆ ಅಲ್ಲಿ ರಬ್ಬರ್ ಸತ್ತಿದೆ. ರಬ್ಬರನ್ನು ಸೋಪಿನ ನೀರಿನಲ್ಲಿ ಒರೆಸಿ ಸಿಲಿಕೋನ್ ಸ್ಪ್ರೇ ಹಚ್ಚಿ. ಸೀಮೆಎಣ್ಣೆ, ಪೆಟ್ರೋಲ್, ಗ್ರೀಸ್ ತಾಗಿದರೆ ಅದು ಉಬ್ಬಿ ಬಾಗಿಲು ಮತ್ತೆ ಬಿಗಿಯಾಗುತ್ತದೆ.

ಕರಾವಳಿ, ಮಲೆನಾಡಿನವರು ಮಳೆಗಾಲಕ್ಕೆ ಮುಂಚೆ ಬಾಗಿಲಿನ ಕೆಳ ಅಂಚಿನಲ್ಲಿರುವ ನೀರಿಳಿಯುವ ಸೀಳುಗಳನ್ನೂ ನೋಡಲೇಬೇಕು. ಗಾಜಿನ ಹೊರಬದಿಗೆ ಒಂದು ಚೊಂಬು ನೀರು ಹೊಯ್ದರೆ ಸ್ವಲ್ಪ ಹೊತ್ತಿನಲ್ಲಿ ಕೆಳಗಿನಿಂದ ತೊಟ್ಟಿಕ್ಕಬೇಕು. ಇಲ್ಲವಾದರೆ ಸೀಳಿನಲ್ಲಿ ಮಣ್ಣು ಕಟ್ಟಿದೆ. ಪ್ಲಾಸ್ಟಿಕ್ ಕೇಬಲ್ ಟೈ ತೂರಿಸಿ ಬಿಡಿಸಿ. ತಂತಿ ಹಾಕಿದರೆ ಬಣ್ಣ ಕಿತ್ತು, ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ.