ಎಷ್ಟೇ ಆರ್ಗ್ಯುಮೆಂಟ್ ಬರಲಿ, ಮ್ಯಾಚ್ ಮಾಡಿಸಿದೆ: ನನ್ನ ಅನುಭವ

ಗಣಿತದ ಸೂತ್ರಗಳನ್ನು ಸರಳ ಮಾಡುವ ಪೈಥಾನ್ ಪ್ರೋಗ್ರಾಂ ನನ್ನದು. ಯಾವ ಆಕಾರ ಕಂಡರೆ ಏನಾಗಿ ಬದಲಿಸಬೇಕು ಎಂದು ಹೇಳುವ ಸುಮಾರು 140 ರೂಲ್‌ಗಳಿವೆ. ತಲೆನೋವು ಕೊಟ್ಟದ್ದು ಆಡ್ (ಕೂಡುವುದು), ಮಲ್ (ಗುಣಿಸುವುದು) ಎಂಬ ಎರಡೇ ಫಂಕ್ಷನ್. ಅವಕ್ಕೆ ಎರಡು ಆರ್ಗ್ಯುಮೆಂಟೂ (ಫಂಕ್ಷನ್‌ಗೆ ಒಳಗೆ ಕೊಡುವ ಪದಗಳು) ಬರಬಹುದು, ಇಪ್ಪತ್ತೂ ಬರಬಹುದು.

"ಎರಡೆರಡಾಗಿ ಒಡೆದುಬಿಡು, ಬೇರೆ ದಾರಿಯಿಲ್ಲ" ಎಂದರು ಗೆಳೆಯರು. ಆ ಮಾತು ಕೇಳಿ ಮೂರು ವಾರ ಕಳೆದೆ. ಆಡ್(ಆಡ್(ಎಕ್ಸ್, ವೈ), ಎಕ್ಸ್) ಬಂದರೆ ಎರಡು ಎಕ್ಸ್‌ಗಳೂ ಬೇರೆ ಬೇರೆ ಕೊಂಬೆಯಲ್ಲಿ ಕೂತಿರುತ್ತವೆ, ರೂಲ್‌ಗೆ ಒಟ್ಟಿಗೆ ಸಿಗುವುದೇ ಇಲ್ಲ. ಆಕಾರ ಹೋಲಿಸಿ ನೋಡುವ ಪೈಥಾನ್ 3.10ರ ಮ್ಯಾಚ್ ಕೂಡ ಕೈಕೊಟ್ಟಿತು. ಒಂದು ಸೀಕ್ವೆನ್ಸ್ ಪ್ಯಾಟರ್ನ್‌ಗೆ (ಸಾಲಿನ ಆಕಾರ) ಒಂದೇ ಸ್ಟಾರ್ (ಎಷ್ಟಿದ್ದರೂ ಹಿಡಿಯುವ ಗುರುತು). ಒಂದೇ ಹೆಸರು ಎರಡು ಸಲ ಬರೆದರೆ ಸಿಂಟ್ಯಾಕ್ಸ್ ಎರರ್. ನನಗೆ ಬೇಕಿದ್ದದ್ದೇ ಅವೆರಡು, ಅಲ್ವಾ?

ಕೊನೆಗೆ ಮ್ಯಾಚರ್, ಅಂದರೆ ಸೂತ್ರಕ್ಕೆ ರೂಲ್ ಹೊಂದುತ್ತದೆಯೇ ಎಂದು ನೋಡುವ ಕೋಡ್, ನಾನೇ ಬರೆದೆ. ಮೊದಲ ಸಲ ಎಲ್ಲ ಹಂಚಿಕೆಗಳನ್ನೂ ಲಿಸ್ಟ್‌ಗೆ ತುಂಬಿದೆ. ಕ್ರಮ ಲೆಕ್ಕಕ್ಕಿಲ್ಲದ ಆಡ್‌ನಲ್ಲಿ 20 ಆರ್ಗ್ಯುಮೆಂಟ್, ಎರಡು ಸೀಕ್ವೆನ್ಸ್ ವೇರಿಯಬಲ್ (ಎಷ್ಟು ಆರ್ಗ್ಯುಮೆಂಟ್ ಆದರೂ ಹಿಡಿಯುವ ಹೆಸರು) ಇದ್ದರೆ ಹಂಚುವ ದಾರಿಗಳು ಹತ್ತು ಲಕ್ಷ ದಾಟುತ್ತವೆ. ಮೂರಿದ್ದರೆ 348 ಕೋಟಿ! ಮೆಮೊರಿ ಸಾಲದೆ ದೊಡ್ಡ ಕ್ಲೌಡ್ ಮೆಷೀನ್ ಬಾಡಿಗೆಗೆ ಹಿಡಿದೆ. ಈ ಪ್ರೋಗ್ರಾಂ ಕೆಲಸಕ್ಕೆ ನನಗೆ ಬಂದ ಹಣದ ಎರಡನೇ ಕಂತಿನ ಮುಕ್ಕಾಲು ಪಾಲು ಬಿಲ್ಲಿಗೇ ಹೋಯಿತು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ದಾರಿ ಸಿಕ್ಕಿದ್ದು ಹುಡುಕುವ ಸರದಿ ಬದಲಿಸಿದಾಗ. ಆರ್ಗ್ಯುಮೆಂಟ್‌ಗಳನ್ನು ಮೊದಲೇ ಸಾರ್ಟ್ ಮಾಡಿಡುತ್ತೇನೆ, ಒಂದೇ ಥರದವು ಪಕ್ಕಪಕ್ಕ ಬರುತ್ತವೆ. ರೂಲ್‌ಗೆ ಕನಿಷ್ಠ ಎಷ್ಟು ಬೇಕೋ ಅಷ್ಟಿಲ್ಲದಿದ್ದರೆ ಒಳಗೇ ಬಿಡುವುದಿಲ್ಲ. ಆಮೇಲೆ ಹೊಂದಿಸುವುದು ಕಾನ್‌ಸ್ಟಂಟ್‌ಗಳು, ಈಗಾಗಲೇ ಬೆಲೆ ಸಿಕ್ಕ ವೇರಿಯಬಲ್‌ಗಳು, ಅವಾದ ಮೇಲೆ ಒಂದೇ ಆರ್ಗ್ಯುಮೆಂಟ್ ಹಿಡಿಯುವ ಉಳಿದ ಒಂಟಿ ವೇರಿಯಬಲ್‌ಗಳು. ಕೊನೆಯ ಸೀಕ್ವೆನ್ಸ್ ವೇರಿಯಬಲ್‌ಗೆ ಮಿಕ್ಕಿದ್ದೆಲ್ಲ ಸುಮ್ನೆ ಹೋಗುತ್ತದೆ, ಅಲ್ಲಿ ಹುಡುಕಾಟವೇ ಇಲ್ಲ. ಲಿಸ್ಟ್ ಬದಲು, ಬೇಕಾದಾಗ ಒಂದೊಂದೇ ಕೊಡುವ ಯೀಲ್ಡ್ ಹಾಕಿದೆ. ಎಕ್ಸ್ ಮತ್ತು 2ಎಕ್ಸ್ ಪಕ್ಕಪಕ್ಕ ಬರಲು ಸಾರ್ಟ್ ಕೀ (ಸಾಲಿನ ಕ್ರಮ ನಿರ್ಧರಿಸುವ ಅಳತೆ) ಹೇಗಿರಬೇಕು ಎಂಬುದನ್ನು ಮಾತ್ರ ಹೇಳಲಾರೆ, ಅದು ನನ್ನ ಅನ್ನದ ಗುಟ್ಟು.

ಮಿಕ್ಕಿದ್ದು ಖಾಲಿಯೂ ಇರಬಹುದು, ಎಚ್ಚರ. ಖಾಲಿ ಆಡ್‌ಗೆ 0 ಎಂದು ಬರೆದವನು ಖಾಲಿ ಮಲ್‌ಗೂ ಅದನ್ನೇ ಕಾಪಿ ಮಾಡಿದ್ದೆ. ಅಲ್ಲಿ 1 ಇರಬೇಕು. ಎರರ್ ಬರಲಿಲ್ಲ, ಗುಣಾಕಾರಗಳೆಲ್ಲ ಸದ್ದಿಲ್ಲದೆ ಸೊನ್ನೆಯಾದವು. ಹಿಡಿಯಲು ನಾಲ್ಕು ದಿನ ಬೇಕಾಯಿತು.

ನಡುವೆ ಎಲಿಕ್ಸಿರ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನೂ ನೋಡಿದೆ. ಅಲ್ಲಿ ಆರ್ಗ್ಯುಮೆಂಟ್ ಸಂಖ್ಯೆ ಬದಲಾದರೆ ಫಂಕ್ಷನ್ನೇ ಬೇರೆ, ಹಾಗಾಗಿ ಲಿಸ್ಟ್ ಕೊಡಬೇಕು. ಲಿಸ್ಟಿನ ತಲೆ ಹಿಡಿಯುವುದು ಬಲು ಸುಲಭ. ಕಟ್ಟಕಡೆಯದನ್ನು ಹಿಡಿಯಲು ಮಾತ್ರ ಲಿಸ್ಟ್ ತಿರುಗಿಸಬೇಕಾಯಿತು. ಎರಡು ಭಾನುವಾರಕ್ಕೇ ಬಿಟ್ಟೆ.

ಮೊದಲು 40 ನಿಮಿಷ ಹಿಡಿಯುತ್ತಿದ್ದ ಸೂತ್ರ ಈಗ ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಮೂರೋ ನಾಲ್ಕೋ ಸೆಕೆಂಡಿಗೆ ಮುಗಿಯುತ್ತದೆ. ಒಡೆದುಬಿಡು ಎಂದಿದ್ದ ಗೆಳೆಯರಲ್ಲಿ ಇಬ್ಬರು ಈಗ ಇದೇ ಮ್ಯಾಚರ್ ಬಳಸುತ್ತಿದ್ದಾರೆ. ಎರಡು ಸೀಕ್ವೆನ್ಸ್ ವೇರಿಯಬಲ್ ಇರುವ ಆರು ರೂಲ್‌ಗಳು ಮಾತ್ರ ಇನ್ನೂ ನಿಧಾನ. ಈ ವಾರ ಅವನ್ನೇ ಒಂದೊಂದಾಗಿ ತಿದ್ದುತ್ತಿದ್ದೇನೆ.